ಕಿಟಕಿಗೆ ಮುಖ ಮಾಡಿ ಕೂತ್ಕೋ

ಅಲ್ಲಲ್ಲ, ಆ ಕುರ್ಚಿ ಬೇಡ ಕಣೇ, ಅದು ನನಗಿರ್ಲಿ. ನೀನು ಈ ಕಡೆ ಬಾ. ಹಾಂ... ಕಿಟಕಿಗೆ ಮುಖ ಮಾಡಿ ಕೂತ್ಕೋ. ಯಾಕೆ ಅಂತಾನಾ? ಯಾಕೂ ಇಲ್ಲ. ನಿನ್ನ ಮುಖ ನೆಟ್ಟಗೆ ನೋಡಿ ಎಷ್ಟು ಕಾಲ ಆಯ್ತು, ಬೆಳಕಲ್ಲಿ ಒಂದಿಷ್ಟು ನೋಡೋಣ ಅಂತ. ಆಫೀಸರಮ್ಮ ಆದಮೇಲೆ ನೀನು ಮಗ್ಗದ ಶೆಡ್ಡಿಗೆ ಇಳಿಯೋದೇ ಅಪರೂಪ. ಇಳಿದ್ರೂ ಆ ಮೀಸೆ ಸಾಹೇಬ್ರ ಹಿಂದೆ ಹಿಂದೆ, ಕಂಕುಳಲ್ಲಿ ಫೈಲು ಇಟ್ಕೊಂಡು... ನಗಬೇಡ! ಸುಳ್ಳಾ ನಾನು ಹೇಳಿದ್ದು?

ಏನಂದೆ? ಕೈ ತೆಗಿ ಬಾಯಿಂದ. ಚಿಕ್ಕೋಳಿದ್ದಾಗಿಂದ ಇದೊಂದು ಅಭ್ಯಾಸ ನಿನಗೆ, ಬಾಯಿಗೆ ಕೈ ಅಡ್ಡ ಇಟ್ಕೊಂಡು ಮಾತಾಡೋದು. ನಿಮ್ಮಮ್ಮ ಇದಕ್ಕೇ ಎಷ್ಟು ಬೈದಿಲ್ಲ ನಿನ್ನ! ಹಾಂ, ಈಗ ಹೇಳು... ಓ, ಕಲಿಕೆ ಕೋಣೆ ವಿಷಯವಾ? ಹೇಳ್ತೀನಿ, ಹೇಳ್ತೀನಿ, ಎಲ್ಲಾ ಹೇಳ್ತೀನಿ. ಎಲ್ಲಿಗೂ ಓಡಿ ಹೋಗಲ್ಲ ನಾನು.

ಯಾಕೆ ಕರೆಸಿದೀಯ ಅಂತ ಗೊತ್ತು ಬಿಡು. ಮಧ್ಯಾಹ್ನ ಮೀಸೆ ಸಾಹೇಬ್ರ ಮುಂದೆ ನನ್ನ ಹೆಸರು ಹೇಳ್ಬೇಕು ನೀನು. ಅದಕ್ಕೆ ಮುಂಚೆ ನನ್ನನ್ನ ಒಂದು ಸಲ ಹಿಂದೆ ಮುಂದೆ ತಿರುಗಿಸಿ ನೋಡ್ಬೇಕು. ನೋಡು, ನೋಡು. ಹಲ್ಲು ಬೇಕಾದ್ರೂ ಎಣಿಸ್ಕೋ! ಅತ್ತೆ ಅಂತ ಕರೀತೀಯ, ಅದಕ್ಕೆ ರಿಯಾಯಿತಿ ಏನೂ ಬೇಡ. ನಿಮ್ಮಮ್ಮನೂ ನಾನೂ ಅಕ್ಕಪಕ್ಕದ ಮಗ್ಗದಲ್ಲಿ ನೇಯ್ದೋರು, ಅದಕ್ಕೂ ಬೇಡ. ಕೆಲಸ ನೋಡಿ ಹೇಳು, ಸಾಕು.

ಜೋರಾಗಿ ಮಾತಾಡ್ತಿದ್ದೀನಾ? ಕೈಯಲ್ಲಿ ಹೀಗೆ ಹೀಗೆ ಮಾಡ್ತೀಯಲ್ಲ... ಶೆಡ್ಡಿನ ಅಭ್ಯಾಸ ಕಣೇ. ಇಡೀ ಆಯಸ್ಸು ಆ ಗದ್ದಲದಲ್ಲಿ ಕಳೆದೋಳಿಗೆ ನಿಮ್ಮ ಆಫೀಸಿನ ಪಿಸುಮಾತು ಎಲ್ಲಿಂದ ಬರ್ಬೇಕು? ಇಳಿಸ್ತೀನಿ. ಇಷ್ಟು ಸಾಕಾ? ಇಷ್ಟು? ಸರಿ.

ನೋಡು, ನನಗೂ ಅರ್ಥ ಆಗುತ್ತೆ. ಹಳೇ ಶೆಡ್ಡು ಈ ತಿಂಗಳ ಕೊನೆಗೆ ಮುಚ್ಚುತ್ತೆ. ಹೊಸ ಶೆಡ್ಡಿಗೆ ನಮ್ಮ ವಯಸ್ಸಿನೋರು ಬೇಡ. ಬಾಯಿ ಬಿಟ್ಟು ಹಾಗನ್ನಲ್ಲ ಯಾರೂ, ಜಾಣರು! "ಹೊಸ ಮಗ್ಗಕ್ಕೆ ಹೊಂದಿಕೊಳ್ಳೋರು ಬೇಕು" ಅಂತಾರೆ. ಹೊಂದಿಕೊಳ್ತೀವೋ ಇಲ್ವೋ ಅಂತ ಒಬ್ಬರನ್ನಾದ್ರೂ ಆ ಮಗ್ಗದ ಮುಂದೆ ನಿಲ್ಲಿಸಿ ನೋಡಿದ್ರಾ? ಇಲ್ಲ. ಹುಟ್ಟಿದ ವರ್ಷ ನೋಡಿದ್ರು, ಮುಗೀತು. ಮಿಕ್ಕಿದ್ದು ಒಂದೇ ಒಂದು ಜಾಗ, ಕಲಿಕೆ ಕೋಣೇಲಿ ಹೊಸ ಹುಡುಗೀರಿಗೆ ಮಗ್ಗ ಹೇಳಿಕೊಡೋದು. ಅದೂ ನೀನು ಕಾದಾಡಿ ತಂದಿದ್ದು. ನನಗೆ ಗೊತ್ತಿಲ್ಲ ಅಂದ್ಕೋಬೇಡ, ಆ ಮೀಸೆ ಹತ್ರ ನೀನು ಎಷ್ಟು ಸಲ ಮುಖಭಂಗ ಮಾಡಿಸ್ಕೊಂಡೆ ಅಂತ ಇಡೀ ಶೆಡ್ಡಿಗೆ ಗೊತ್ತು.

ಆದ್ರೆ ಆ ಪೋಸ್ಟರು ಮಾತ್ರ... ಅಯ್ಯೋ ಗುಬ್ಬಿ, ಯಾರು ಮಾಡಿಸಿದ್ದು ಅದನ್ನ! "ಎಲ್ಲ ವಯಸ್ಸಿನವರಿಗೂ ಇಲ್ಲಿ ಕೆಲಸವಿದೆ." ಕೆಳಗೆ ಬೆಳ್ಳಿಕೂದಲಿನ ಒಬ್ಬ ಹೆಂಗಸು, ಹಲ್ಲೆಲ್ಲ ಬಿಟ್ಕೊಂಡು ಮಗ್ಗದ ಮೇಲೆ ಕೈ ಇಟ್ಕೊಂಡು ನಿಂತಿದಾಳೆ. ಅವಳು ಕೈ ಇಟ್ಟಿರೋ ಜಾಗದಲ್ಲಿ ನಿಜವಾಗ್ಲೂ ಕೈ ಇಟ್ರೆ ಬೆರಳು ಹೋಗುತ್ತೆ! ಶೆಡ್ಡಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು. ಆಮೇಲೆ ನಗು ನಿಂತುಹೋಯ್ತು. ಆ ಪೋಸ್ಟರು ಅಂಟಿಸಿದ ವಾರವೇ ಉದ್ದಣ್ಣನ್ನ ಮನೆಗೆ ಕಳಿಸಿದ್ರಲ್ಲ.

ಉದ್ದಣ್ಣ ಕಣೇ! ಮಗ್ಗ ರಿಪೇರಿ ಮಾಡ್ತಿದ್ದೋನು, ಬಾಗಿಲಿಗೆ ಬಂದಾಗೆಲ್ಲ ತಲೆ ಬಗ್ಗಿಸೋನು. ಮೊದಲು ಗೇಟಲ್ಲಿ ಕೂರಿಸಿದ್ರು. "ಹಗುರ ಕೆಲಸ, ನಿಮ್ಮ ವಯಸ್ಸಿಗೆ ಇದೇ ಒಳ್ಳೇದು" ಅಂತ ಬೆನ್ನು ತಟ್ಟಿ ಕೂರಿಸಿದ್ರು. ಮಾಡೋಕೆ ಕೆಲಸ ಇಲ್ದೆ ಒಂದು ದಿನ ತೂಕಡಿಸಿದ. ತೂಕಡಿಸ್ತಾನೆ ಅಂತ ಕಳಿಸಿದ್ರು. ಈಗ ಬೆಳಿಗ್ಗೆ ಎದ್ದು ಬಂದು ಗೇಟಿನ ಆಚೆ ನಿಂತ್ಕೊಂಡಿರ್ತಾನೆ, ಒಳಗೆ ಹೋಗೋರನ್ನ ನೋಡ್ತಾ. ಮೊದಮೊದಲು ಎಲ್ಲರೂ ನಿಂತು ಮಾತಾಡಿಸ್ತಿದ್ರು. ಈಗ ಅವನು ಕಂಡ್ರೆ ನಾನೇ ಆ ಕಡೆ ಮುಖ ತಿರುಗಿಸ್ಕೋತೀನಿ. ನಾಚಿಕೆ ಆಗುತ್ತೆ... ಭಯ ಆಗುತ್ತೆ ಕಣೇ. ನಿಜ ಹೇಳ್ಬೇಕು ಅಂದ್ರೆ ಭಯ.

ಹೂಂ, ಹೂಂ. ಹೇಳು. ಹೂಂ.

ಬೇರೆ ಕಡೆ ಯಾಕೆ ನೋಡ್ಲಿಲ್ಲ ಅಂತ ನೀನು ಕೇಳ್ಬಹುದು. ನೋಡ್ದೆ! ನಿನಗೆ ಹೇಳಿಲ್ಲ ಅಷ್ಟೆ. ಆ ದೊಡ್ಡ ಬಟ್ಟೆ ಅಂಗಡಿ ಇಲ್ವಾ, ಅಲ್ಲಿಗೆ ಹೋಗಿದ್ದೆ. ಇದ್ದಿದ್ರಲ್ಲಿ ಒಳ್ಳೇ ಸೀರೆ ಉಟ್ಕೊಂಡು, ತಲೆಗೆ ಬಣ್ಣ ಹಾಕ್ಕೊಂಡು. ನಗ್ತೀಯ? ನಗು. ಕಿವಿ ಹಿಂದೆ ಎಲ್ಲಾ ಬಣ್ಣ ಹತ್ತಿತ್ತು, ಆಮೇಲೆ ನೋಡ್ಕೊಂಡೆ. ಅಲ್ಲಿ ಒಬ್ಬ ಕೂತಿದ್ದ, ನಿನ್ನೆ ಮೊನ್ನೆ ಮೀಸೆ ಬಂದೋನು. ನನ್ನನ್ನ ನೋಡಿದ್ದೇ ಎದ್ದು ನಿಂತ್ಕೊಂಡ. ಪರವಾಗಿಲ್ವೇ, ಮರ್ಯಾದೆ ಇದೆ ಅಂದ್ಕೊಂಡೆ. "ಬನ್ನಿ ಅಜ್ಜಿ, ಯಾರಿಗೆ ಬಟ್ಟೆ?" ಅಂದ. ಕೆಲಸಕ್ಕೆ ಬಂದಿದೀನಪ್ಪ ಅಂದೆ. ತಿರುಗಿ ಕೂತ. ಆಮೇಲೆ ಮುಖಾನೇ ಎತ್ತಲಿಲ್ಲ, ಕಂಪ್ಯೂಟರ್ ನೋಡ್ಕೊಂಡೇ ಏನೇನೋ ಒದರ್ತಾನೆ. ನನ್ನ ಕಡೆ ನೋಡಿ ಮಾತಾಡಪ್ಪ, ನಾನು ಇಲ್ಲಿದೀನಿ ಅಂದೆ. ಆಗ ಎತ್ತಿದ. "ನಮ್ಮದು ಯುವ ತಂಡ, ನಿಮಗೆ ಇಲ್ಲಿ ಬೇಜಾರಾಗುತ್ತೆ" ಅಂದ. ನನ್ನ ಬೇಜಾರಿನ ಮೇಲೆ ಅವನಿಗೆಷ್ಟು ಕಾಳಜಿ ನೋಡು!

ಬೇರೆ ಇನ್ನೆಲ್ಲೂ ಹೋಗ್ಲಿಲ್ಲ. ಹೋಗೋ ಮನಸ್ಸಾಗಲಿಲ್ಲ. ಬಣ್ಣ ಹೋಗೋವರೆಗೂ ಮಗಳು ಅಳಿಯ ಇಬ್ಬರೂ ನನ್ನನ್ನ ನೋಡಿ ನೋಡಿ...

ಯಾಕೆ, ಏನಾಯ್ತು? ಏನು ಆ ಕಡೆ ನೋಡ್ತೀಯ? ಓ, ಫೋನು! ದೀಪ ಮಿಣುಕ್ತಾ ಇದೆ. ಎತ್ತು, ಎತ್ತು, ಸಾಹೇಬ್ರದ್ದೇ ಇರ್ಬೇಕು. ನಾನೊಬ್ಬಳು, ಮಾತಿನ ಭರದಲ್ಲಿ... ಮಾತಾಡು, ನಾನು ಆ ಕಡೆ ನೋಡ್ತಿರ್ತೀನಿ.

ಮುಗೀತಾ? ಅವರೇ ತಾನೇ? ಏನಂತೆ? ಅವರಿಗೆ ಆ ಮೀಸೆ ಸ್ವಲ್ಪ ಕತ್ತರಿಸ್ಕೊಳ್ಳೋಕೆ ಹೇಳೇ ನೀನಾದ್ರೂ. ಬಾಯಿ ಎಲ್ಲಿದೆ ಅಂತಾನೇ ಕಾಣಲ್ಲ. ಊಟ ಹೇಗೆ ಮಾಡ್ತಾರೋ ಪಾಪ.

ಹಾಂ, ಒಂದು ವಿಷಯ, ಮರ್ತೇಹೋಗೋದು. ಆ ಕಲಿಕೆ ಕೋಣೆಗೆ ಒಂದು ಕನ್ನಡಿ ಹಾಕಿಸ್ತೀಯಾ? ಮಗ್ಗದ ಎದುರಿನ ಗೋಡೆಗೆ, ಇಷ್ಟು ದೊಡ್ಡದು. ಜೊತೆಗೆ ಹಿಂದುಗಡೆ ಒಂದು ಒಳ್ಳೇ ದೀಪ. ಅಷ್ಟೇ ನಾನು ಕೇಳೋದು. ಕನ್ನಡಿ ಯಾಕೆ ಅಂದ್ರೆ? ಯಾಕೆ, ಮುದುಕಿಗೆ ಮುಖ ನೋಡ್ಕೋಬೇಕು ಅನ್ಸಲ್ವಾ! ತಮಾಷೆ ಮಾಡ್ದೆ. ಹುಡುಗೀರು ಹಿಂದೆ ನಿಂತಿರ್ತಾರಲ್ಲ, ಅವರ ಕೈ ಹೇಗೆ ಆಡುತ್ತೆ ಅಂತ ಕಾಣ್ಬೇಕಲ್ಲ, ಅದಕ್ಕೆ. ಮೀಸೆ ಸಾಹೇಬ್ರನ್ನೂ ಕೇಳಿದ್ದೆ. ತಲೆ ಅಲ್ಲಾಡಿಸಿಬಿಟ್ರು. ಮಗ್ಗದ ಕೋಣೇಲಿ ಕನ್ನಡಿ ಎಲ್ಲಾದ್ರೂ ಇರುತ್ತಾ ಅಂತ. ಇರಲ್ಲ, ಸರಿ. ಇದ್ರೆ ಏನು ಗಂಟು ಹೋಗುತ್ತೆ?

ಕಲಿಯೋಕೆ ಬಂದಿದ್ದ ಆ ಹುಡುಗಿ ವಿಷಯ... ಬಂದೆ, ಅಲ್ಲಿಗೇ ಬರ್ತಿದ್ದೀನಿ. ಅವಸರ ಮಾಡ್ಬೇಡ. ಏನೂ ಆಗ್ಲಿಲ್ಲ ಅಂತ ಎಲ್ಲರೂ ಹೇಳಿದಾರಲ್ಲ? ರವಿಕೆ ತೋಳು ಉರುಳೆಗೆ ಸಿಕ್ಕಿಕೊಂಡಿತು, ಪಕ್ಕದೋಳು ಬಂದು ಮಗ್ಗ ನಿಲ್ಲಿಸಿದ್ಲು, ಒಂದಿಷ್ಟು ತರಚಿತು. ಅಷ್ಟೆ. ಕೂಗಿದ್ಲಂತಾ? ಈಗಿನ ಹುಡುಗೀರು ಕೂಗ್ತಾರಾ? ಇಲಿಮರಿ ಹಾಗೆ ಕಿಚ್ ಅಂತಾರೆ. ಆ ಕೋಣೇಲಿ ನಾನಿದ್ದಿದ್ದೇ ಎರಡು ದಿನ, ಪರೀಕ್ಷೆಗೆ ಅಂತ. ಅದರಲ್ಲೇ ಇದೊಂದು ಆಗ್ಬೇಕಾ ನನ್ನ ಗ್ರಹಚಾರಕ್ಕೆ! ಕಿವಿ ಗಿವಿ ಅಂತ ಆ ಮೀಸೆ ಏನಾದ್ರೂ ಅಂದ್ರಾ? ಡಾಕ್ಟರೇ ಪಾಸು ಮಾಡಿದಾರೆ ನನ್ನ ಕಿವೀನ. ಕಿವಿಗೆ ಡಬ್ಬಿ ಸಿಕ್ಕಿಸಿ, ಶಬ್ದ ಕೇಳಿದಾಗೆಲ್ಲ ಕೈ ಎತ್ತು ಅಂದ್ರು, ಎತ್ತಿದೆ. ಒಂದೂ ತಪ್ಪಲಿಲ್ಲ. ಬೇಕಾದ್ರೆ ಡಾಕ್ಟರ ಚೀಟಿ ತರಿಸಿ ನೋಡು.

ಕಿವಿ ಹೋಗಿದ್ದು ಅಂದ್ರೆ ನಿಮ್ಮಮ್ಮಂದು. ಅದು ಕಿವಿ ಹೋಗಿದ್ದು.

...ಇಲ್ಲ, ಹೇಳ್ಬಾರ್ದು ಅಂದ್ಕೊಂಡಿದ್ದೆ. ನಿನಗೆ ನೋವಾಗುತ್ತೆ. ಹೇಳ್ಲಾ? ನೋಡು, ಬೇಜಾರು ಮಾಡ್ಕೋಬೇಡ. ಅವಳನ್ನ ಕೆಲಸದಿಂದ ಬಿಡಿಸಿದ ಮೇಲೆ ಮನೇಲಿ ಆ ಮೂಲೆ ಹಿಡಿದು ಕೂತ್ಲಲ್ಲ, ಯಾರು ಏನು ಕೇಳಿದ್ರೂ ಪೆಚ್ಚುಪೆಚ್ಚಾಗಿ ನಗೋದು, ಇಲ್ದಿದ್ರೆ ಸುಮ್ಮನೆ ಗೋಡೆ ನೋಡೋದು. ನೀವೆಲ್ಲ ಏನಂದ್ರಿ? ಅರಳು ಮರಳು ಅಂದ್ರಿ. ವಯಸ್ಸಾಯ್ತು, ಬುದ್ಧಿ ಜಾರ್ತಿದೆ ಅಂದ್ರಿ. ಬುದ್ಧಿ ಎಲ್ಲಿ ಜಾರಿತ್ತು ಕಣೇ! ಕಿವಿ ಹೋಗಿತ್ತು ಅವಳಿಗೆ. ಅಷ್ಟೆ. ಬರೀ ಕಿವಿ. ನಾನು ಬಂದಾಗ ನೋಡಿದ್ಯಲ್ಲ, ಬಾಗಿಲಲ್ಲಿ ನನ್ನನ್ನ ಕಂಡಿದ್ದೇ ಹೇಗೆ ಎದ್ದು ಕೂರ್ತಿದ್ಲು? ಇಬ್ಬರೂ ಎದುರುಬದುರು ಕೂತು, ದನಿ ಇಲ್ದೆ, ಶೆಡ್ಡಲ್ಲಿ ಮಾತಾಡೋ ಹಾಗೇ ಬರೀ ತುಟೀಲಿ ಎಷ್ಟು ಮಾತಾಡ್ತಿದ್ವಿ! ನೀನು ಬಾಗಿಲಲ್ಲಿ ನಿಂತು "ಇಬ್ಬರೂ ಸುಮ್ಮನೆ ಕೂತಿದೀರಲ್ಲ ಅತ್ತೆ" ಅಂದೆ ಒಂದು ಸಲ. ಸುಮ್ಮನೆ! ನಿನ್ನ ಮದುವೆ ವಿಷಯ ಮಾತಾಡ್ತಿದ್ವಿ ಆಗ, ಆ ಹುಡುಗ ಬೇಡ ಅಂತ.

ಅಳ್ಬೇಡ... ಅಳ್ಬೇಡ ಕಣೇ. ಹೇಳ್ಬಾರ್ದಿತ್ತು ನಾನು. ನಿನ್ನ ತಪ್ಪೇನು ಅದರಲ್ಲಿ? ಅವಳೂ ಬಾಯಿ ಬಿಟ್ಟು ಹೇಳ್ಲಿಲ್ಲ. ಕಿವುಡಿ ಅಂತ ಅನ್ನಿಸ್ಕೊಳ್ಳೋಕೆ ಆಗ್ಲಿಲ್ಲ ಅವಳಿಗೆ. ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು.

ನನಗಾ? ನನಗೆ ಆ ತೊಂದರೆ ಇಲ್ಲಪ್ಪ. ನಾನು ಮೊದಲಿಂದ್ಲೂ ಕಿವಿಗೆ ಹತ್ತಿ ಇಟ್ಕೋತಿದ್ದೆ. ನಿಮ್ಮಮ್ಮನಿಗೂ ಹೇಳ್ತಿದ್ದೆ, ಇಟ್ಕೊಳ್ಳೇ ಅಂತ. ಕೇಳ್ಬೇಕಲ್ಲ.

ಹೋ, ನೆಲ ನಡುಗೋದು ನಿಂತಿತು. ಊಟದ ಹೊತ್ತಾಯ್ತು. ಮಗ್ಗ ನಿಂತ್ರೆ ಸಾಕು, ಪಾದಕ್ಕೇ ಗೊತ್ತಾಗುತ್ತೆ ನನಗೆ. ಪಕ್ಕದ ಮೇಜಿನ ಟೈಪಿಸ್ಟಮ್ಮ ಎದ್ದು ಹೊರಟ್ಲು ನೋಡು. ಹೋಗಮ್ಮ, ಹೋಗು, ಬಾಗಿಲು ಎಳ್ಕೊಂಡು ಹೋಗು. ನಾವಿಬ್ಬರೇ ಆಯ್ತು. ನೀನೂ ಊಟಕ್ಕೆ ಏಳ್ತೀಯೇನೋ... ಇಲ್ವಾ? ಕೂತಿರ್ತೀಯಾ? ಸರಿ, ಕಣ್ಣೊರೆಸ್ಕೋ.

ಏನು? ಅಮ್ಮ ನಿನ್ನ ಬಗ್ಗೆ ಏನು ಹೇಳ್ತಿದ್ಲು ಅಂತಾನಾ? ಅಯ್ಯೋ, ಹೇಳದೆ ಇದ್ದಿದ್ದು ಏನು ಅಂತ ಕೇಳು! ನೀನು ಮೊದಲು ನಡೆದಿದ್ದು, ನಿನ್ನ ಹಲ್ಲು ಬಿದ್ದಿದ್ದು, ನೀನು ಪರೀಕ್ಷೇಲಿ ಫೇಲಾಗಿ ಮಂಚದ ಕೆಳಗೆ ಸೇರ್ಕೊಂಡಿದ್ದು, ಎಲ್ಲಾ ಮಗ್ಗದ ಮೇಲಿಂದ್ಲೇ ನನಗೆ ಬಂದಿರೋದು. ಕೈ ಎಳೆ ಸೇರಿಸ್ತಾ ಇರ್ತಿತ್ತು, ಬಾಯಿ ಈ ಕಡೆ ಆಡ್ತಾ ಇರ್ತಿತ್ತು. ಗುಬ್ಬಿ ಅಂತ ಹೆಸರಿಟ್ಟಿದ್ದು ಯಾರು? ನಾನು! ಅವಳು ನಿನ್ನ ಬಗ್ಗೆ ಹೇಳುವಾಗ ತುಟಿ ಹೀಗೆ ಚೂಪು ಮಾಡ್ತಿದ್ಲು ಅದಕ್ಕೆ.

ಹೌದೌದು! ಅದೇ ಆಟ! ಅಪ್ಪನಿಗೆ ಕೇಳಿಸ್ಬಾರ್ದು ಅಂತ ಊಟದ ಹೊತ್ತಲ್ಲಿ ನೀವಿಬ್ಬರೂ ತುಟೀಲೇ ಮಾತಾಡ್ಕೊಳ್ತಿದ್ರಿ. ಅವನು ಕಣ್ಣು ಕೆಂಪು ಮಾಡ್ಕೊಂಡು ಒಂದು ಸಲ ಅವಳನ್ನ ನೋಡೋದು, ಒಂದು ಸಲ ನಿನ್ನ ನೋಡೋದು... ನೆನಪಿದ್ಯಾ ನಿನಗೆ? ಎಲ್ಲಾ ನೆನಪಿದ್ಯಾ? ಶೆಡ್ಡಿನ ಮಾತು ಕಲಿತ ಮಗು ನೀನೊಬ್ಬಳೇ ಕಣೇ. ನನ್ನ ಮಗಳು ಕಲೀಲಿಲ್ಲ. "ಮಂಗನ ಹಾಗೆ ಮೂತಿ ಮಾಡ್ಬೇಡಮ್ಮ, ನಾಚಿಕೆ ಆಗುತ್ತೆ" ಅಂತಿದ್ಲು.

ಇಲ್ಲ, ಈಗ್ಲೂ ಮಾತಾಡಲ್ಲ ಅವಳು. ಮಾತಾಡ್ತಾಳೆ, ಒಲೆ ಕಡೆ ಮುಖ ಮಾಡ್ಕೊಂಡು. ಅಳಿಯ ಪೇಪರ್ ಹಿಂದಿಂದ. ಮೊಮ್ಮಗಳು ಓಡ್ತಾ ಓಡ್ತಾ. ಯಾರು ನಿಂತು ಎದುರಿಗೆ ಕೂತು ನನ್ನ ಮುಖ ನೋಡಿ... ಮೊನ್ನೆ ಮೊಮ್ಮಗಳು ಕರೆದ್ಲಂತೆ, ನಾನು ತಿರುಗಿ ನೋಡ್ಲಿಲ್ವಂತೆ. ಅತ್ತುಬಿಟ್ಟಿತು ಮಗು. "ಅಜ್ಜಿಗೆ ಹಠ" ಅಂದ್ಲಂತೆ. ಇರ್ಲಿ, ಅವರವರ ಗಡಿಬಿಡಿ ಅವರವರಿಗೆ. ಅದಕ್ಕೇ ನನಗೆ ಬೆಳಗಾದ್ರೆ ಸಾಕು, ಶೆಡ್ಡಿಗೆ ಬಂದು ಬಿದ್ರೆ ಸಾಕು ಅನ್ಸುತ್ತೆ. ಅಲ್ಲಿ ಎಲ್ಲರೂ ನನ್ನ ಕಡೆ ತಿರುಗಿ ಮಾತಾಡ್ತಾರೆ. ಆ ಮೂಲೆ ಮಗ್ಗದೋಳು ಅಷ್ಟು ದೂರದಿಂದ ಒಂದು ಕೆಟ್ಟ ತಮಾಷೆ ಎಸೀತಾಳೆ, ನಾನು ಇಲ್ಲಿಂದ ಅದಕ್ಕಿಂತ ಕೆಟ್ಟದ್ದು ಎಸೀತೀನಿ! ಅಲ್ಲಿ ನಾನು ಅಜ್ಜಿ ಅಲ್ಲ ಕಣೇ. ಅಲ್ಲಿ ನನಗೇನೂ ಆಗಿಲ್ಲ.

ಹಾಂ? ಆ ಹುಡುಗಿ ಕೂಗಿದಾಗ ಎಲ್ಲಿದ್ದೆ ಅಂತಾನಾ? ಬೆನ್ನು ಮಾಡಿ ನಿಂತಿದ್ದೆ. ಕಡಿದ ಎಳೆ ಹುಡುಕ್ತಾ ಇದ್ದೆ. ಹೌದು, ಪಕ್ಕದಲ್ಲೇ. ಕೈಗೆಟುಕೋಷ್ಟು ಹತ್ರ... ಎರಡು ಮೂರು ಸಲ ಕೂಗಿದ್ಲಾ? ಅವಳೇ ಅಂದ್ಲಾ? ಸುಳ್ಳು ಹೇಳೋ ಹುಡುಗಿ ಅಲ್ಲ ಅದು. ಕೂಗಿರ್ಬೇಕು. ನೋಡಿದೆನಲ್ಲ ಆಮೇಲೆ, ಮುಖ ಬಿಳಿಚಿಕೊಂಡಿತ್ತು. ಅವಳು ನನ್ನನ್ನ ನೋಡಿದ್ಲು ಗುಬ್ಬಿ, ಬೈಯಲಿಲ್ಲ, ಅಳ್ಲಿಲ್ಲ, ಸುಮ್ಮನೆ ನೋಡಿದ್ಲು. ಯಾಕೆ ಬರ್ಲಿಲ್ಲ ಅನ್ನೋ ಹಾಗೆ.

ಕನ್ನಡಿ ಇದ್ದಿದ್ರೆ ಕಾಣ್ತಿತ್ತು. ಅದಕ್ಕೇ ಕೇಳಿದ್ದು.

ಇರ್ಲಿ... ಇರ್ಲಿ, ಒಂದು ಮಾತು ಹೇಳ್ತೀನಿ, ಅಟ್ಟಕ್ಕೇರಿಸ್ತಿದ್ದಾಳೆ ಅಂದ್ಕೋಬೇಡ. ಇವತ್ತು ನಿನ್ನ ಜೊತೆ ಮಾತಾಡಿ ಎಷ್ಟು ಹಾಯಾಯ್ತು ಗೊತ್ತಾ! ಬೆಳಿಗ್ಗೆ ಬಂದಾಗ ನೀನೂ ಎಲ್ಲರ ಹಾಗೇ ಬಾಯೊಳಗೇ ಗೊಣಗ್ತಿದ್ದೆ. ಈಗ ನೋಡು, ಒಂದೊಂದು ಮಾತೂ ಬಿಡಿಬಿಡಿಯಾಗಿ, ಎಷ್ಟು ಚೆನ್ನಾಗಿ ತಿಳೀತಾ ಇದೆ! ಒಂದೂ ಬಿಟ್ಟುಹೋಗ್ಲಿಲ್ಲ. ಥೇಟ್ ನಿಮ್ಮಮ್ಮನೇ ಎದುರಿಗೆ ಕೂತು ಮಾತಾಡಿದ ಹಾಗೆ. ಅದೇ ತುಟಿ, ಅದೇ ಬಾಯಿ ಅಗಲ ಮಾಡಿ...

ಬಾಯಿ ಅಗಲ ಮಾಡಿ...

ಗುಬ್ಬಿ.

ಏನಾದ್ರೂ ಹೇಳು. ಏನಾದ್ರೂ. ನಿನ್ನ ಹೆಸರು ಹೇಳು ಬೇಕಾದ್ರೆ.

ನಿನ್ನ ಗಂಟಲು ಆಡ್ತಾ ಇಲ್ಲ.

ಬರೀ ತುಟಿ. ದನಿ ಬಂದ್ರೆ ಇಲ್ಲಿ, ಈ ಗಂಟಲ ಗುಂಡಿ ಹತ್ರ ಒಂದಿಷ್ಟು ಆಡುತ್ತೆ. ಇಷ್ಟು ವರ್ಷ ನೋಡಿದೀನಿ, ನನಗೆ ಗೊತ್ತಿಲ್ವಾ? ಎಷ್ಟು ಹೊತ್ತಿಂದ? ಎಷ್ಟು ಹೊತ್ತಿಂದ ದನಿ ಇಲ್ದೆ ಮಾತಾಡ್ತಾ ಇದೀಯ ನೀನು? ಮಗ್ಗ ನಿಂತಾಗಿಂದ? ಅಮ್ಮ ಏನು ಹೇಳ್ತಿದ್ಲು ಅಂತ ಕೇಳಿದ್ಯಲ್ಲ, ಆಗಿಂದ್ಲೇನಾ? ಇಡೀ ಕೋಣೆ ನಿಶ್ಶಬ್ದವಾಗಿತ್ತಾ? ನಾನೊಬ್ಬಳೇ... ನಾನೊಬ್ಬಳೇ ಕೂಗಾಡ್ತಿದ್ನಾ?

ಪರೀಕ್ಷೆ ಮಾಡಿದ್ಯಾ ನನ್ನನ್ನ? ಅಥವಾ ನನಗೆ ತಿಳೀಲಿ ಅಂತ, ಪಾಪ ಅಂತ...? ಯಾವುದು ಹೇಳು. ಪಾಪ ಅಂತಾದ್ರೆ ಅದಕ್ಕಿಂತ ಪರೀಕ್ಷೇನೇ ವಾಸಿ.

ಸರಿ. ಸರಿ ಬಿಡು. ಗೊತ್ತಾಯ್ತಲ್ಲ. ಡಾಕ್ಟರ ಬೆರಳು ನೋಡ್ಕೊಂಡು ಕೈ ಎತ್ತಿದ್ದೆ. ಅವರು ಗುಂಡಿ ಒತ್ತುವಾಗೆಲ್ಲ ಎದುರಿನ ಬೀರು ಗಾಜಿನಲ್ಲಿ ಕಾಣ್ತಿತ್ತು. ಹತ್ತಿ ಇಟ್ಕೋತಿದ್ದೆ ಅಂದಿದ್ದೂ ಸುಳ್ಳು. ಯಾರು ಕೊಟ್ಟಿದ್ರು ನಮಗೆ? ಹತ್ತಿ ಗಾಳೀಲೆಲ್ಲ ಹಾರಾಡ್ತಿತ್ತು, ಮೂಗಲ್ಲಿ, ಕಣ್ಣಲ್ಲಿ, ಊಟದ ಡಬ್ಬೀಲಿ. ಕಿವಿಗೆ ಇಟ್ಕೊಳ್ಳಿ ಅಂತ ಮಾತ್ರ ಒಬ್ಬರೂ ಹೇಳ್ಲಿಲ್ಲ. ನಿಮ್ಮಮ್ಮನಿಗಿಂತ ಮುಂಚೆ ಹೋಗಿದ್ದು ನಂದು. ಆಣೆ ನಾನೊಬ್ಬಳೇ ಹಾಕಿದ್ದಲ್ಲ, ಇಬ್ಬರೂ ಹಾಕ್ಕೊಂಡಿದ್ವಿ.

ಕೇಳು... ಕೇಳೇ. ಮೀಸೆ ಏನು ಬರೀತಾರೆ ಗೊತ್ತಾ? "ವಯಸ್ಸಿನ ಕಾರಣ" ಅಂತ ಬರೀತಾರೆ. ಇದು ವಯಸ್ಸಲ್ಲ ಗುಬ್ಬಿ! ನನ್ನ ಕಿವಿ ಹೋದಾಗ ನನಗೆ ನಿನ್ನಷ್ಟೇ ವಯಸ್ಸು. ನಿನ್ನಷ್ಟೇ! ಮಗ್ಗ ತಿಂದಿದ್ದು ಇದನ್ನ. ಅವರ ಮಗ್ಗ. ತಿಂದೋರೇ ಈಗ ವಯಸ್ಸಾಯ್ತು ಅಂತ ಕಳಿಸ್ತಾರೆ. ಕಿವಿ ಹೋಗಿದೆ ಅಂತ ಮೊದಲೇ ಹೇಳಿದ್ರೆ ಅವತ್ತೇ ಕಳಿಸ್ತಿದ್ರು. ಹೇಳದೆ ಇದ್ದಿದ್ದಕ್ಕೆ ಇವತ್ತು ಕಳಿಸ್ತಾರೆ. ಯಾವ ಬಾಗಿಲಿಂದ ಹೋಗ್ಬೇಕಿತ್ತು ನಾನು?

ಒಂದು ಕನ್ನಡಿ. ಒಂದು ದೀಪ. ಹುಡುಗೀರಿಗೆ ಒಂದು ಮಾತು, "ಏನಾದ್ರೂ ಆದ್ರೆ ಕೂಗ್ಬೇಡಿ, ನೆಲಕ್ಕೆ ಕಾಲು ಒದೀರಿ" ಅಂತ. ಸಾಕು ಕಣೇ! ಪಾದದಲ್ಲಿ ಕೇಳಿಸ್ಕೋತೀನಿ ನಾನು. ಇಡೀ ಶೆಡ್ಡು ಹಾಗೇ ನಡೀತಿರ್ಲಿಲ್ವಾ? ಇಷ್ಟನ್ನ ನೀನು ಅವರಿಗೆ ಹೇಳ್ತೀಯಾ? ಹೇಳಿದ್ರೆ... ಕಿವಿ ವಿಷಯಾನೂ ಹೇಳ್ಬೇಕಾಗುತ್ತೆ. ಅಲ್ವಾ. ಹೇಳದೆ ಇದ್ರೆ, ನಾಳೆ ಇನ್ನೊಂದು ತೋಳು ಸಿಕ್ಕಿಕೊಂಡ್ರೆ... ಬಟ್ಟೆ ಅಲ್ಲ, ತೋಳೇ... ಆ ಹುಡುಗಿ ಮುಖ ನೀನೂ ನೋಡಿದೀಯ.

ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಏನು ಮಾಡ್ತಿದ್ದೆ ಅಂತ ಕೇಳ್ಬೇಡ. ಅದನ್ನೊಂದು ಕೇಳ್ಬೇಡ.

ನಾನು ಮನೇಲಿ ಕೂತ್ರೆ ಏನಾಗುತ್ತೆ ಅಂತ ನಿನಗೆ ಬೇರೆ ಯಾರೂ ಹೇಳ್ಬೇಕಾಗಿಲ್ಲ. ನಿಮ್ಮ ಮನೇಲಿ ಆ ಮೂಲೆ ಇತ್ತಲ್ಲ. ನಮ್ಮ ಮನೇಲೂ ಒಂದು ಮೂಲೆ ಇದೆ, ಅಡಿಗೆಮನೆ ಪಕ್ಕ, ನನ್ನ ಹಾಸಿಗೆ ಸುತ್ತಿಡೋ ಜಾಗ. ಅಲ್ಲಿ ಕೂತು ನಾನೂ ಪೆಚ್ಚುಪೆಚ್ಚಾಗಿ ನಗ್ತಿರ್ತೀನಿ. ಅಜ್ಜಿಗೆ ಅರಳು ಮರಳು ಅಂತಾರೆ. ನಿಮ್ಮಮ್ಮನ್ನ ನೋಡೋಕಾದ್ರೂ ನಾನು ಬರ್ತಿದ್ದೆ. ನನ್ನ ಹತ್ರ ಯಾರು ಬರ್ತಾರೆ? ಬಂದು ಎದುರಿಗೆ ಕೂತು, ಬಾಯಿ ಅಗಲ ಮಾಡಿ... ನೀನು ಬರ್ತೀಯಾ? ನಿನಗೆಲ್ಲಿ ಪುರುಸೊತ್ತು.

ಗುಬ್ಬಿ? ಏನಾದ್ರೂ ಹೇಳೇ. ಬೈಯಿ ಬೇಕಾದ್ರೆ. ತುಟೀಲೇ ಹೇಳು, ನನಗೇನು ಬೇಜಾರಿಲ್ಲ ಈಗ. ಮಧ್ಯಾಹ್ನ ಅವರ ಮುಂದೆ ಏನು ಹೇಳ್ತೀಯ? ಇಲ್ಲ ಅಂತಾದ್ರೂ ಹೇಳು. ಇಲ್ಲ ಅನ್ನೋದು ಸುಲಭ, ಬೇಗ ತಿಳಿಯುತ್ತೆ, ನಾಲಿಗೆ ಹೀಗೆ ಮೇಲಕ್ಕೆ ಹೋಗುತ್ತೆ...

ನೆಲ ನಡುಗೋಕೆ ಶುರುವಾಯ್ತು. ಮಗ್ಗ ಹಾಕಿದ್ರು. ಊಟ ಮುಗೀತು ಅವರದ್ದು.

ಯಾಕೆ ಆ ಕಡೆ ತಿರುಗ್ತೀಯ? ಈ ಕಡೆ ತಿರುಗು. ಕಿಟಕಿಗೆ ಮುಖ ಮಾಡಿ ಕೂತ್ಕೋ. ಹಾಂ... ಅಳು, ಅಳ್ಬೇಡ ಅನ್ನಲ್ಲ. ಆದ್ರೆ ಬಾಯಿ ಮುಚ್ಕೋಬೇಡ. ಏನಾದ್ರೂ ಹೇಳ್ತಾ ಇದೀಯಾ ಒಳಗೆ? ಹೇಳ್ತಾ ಇದೀಯಾ, ಇಲ್ವಾ? ಕೈ ತೆಗಿ ಮಗಳೇ ಬಾಯಿಂದ. ನನಗೆ ಕಾಣಿಸ್ತಾ ಇಲ್ಲ.